ಹೆಗಲ ಮೇಲೆ ಕಲ್ಲಿದ್ದಾಗ ಹೇಳಿದ ಮಾತು

ಹೆಂಡತಿ ಸಾಯುತ್ತಿದ್ದಾಳೆಂದು ಕಿವಿಯಾರೆ ಕೇಳಿಯೂ ಗರಡಿಯ ಗುರು ವಸ್ತಾದರು ಹೆಗಲ ಮೇಲಿನ ಗುಂಡುಕಲ್ಲನ್ನು ಕೆಳಗೆ ಹಾಕಲಿಲ್ಲ, ಮೂರು ಸುತ್ತು ಮುಗಿಸಿಯೇ ಹೊರಟರು, ಏಕಾಗ್ರತೆ ಎಂದರೆ ಅದು ಎಂದು ನಮ್ಮ ಕೋಲಾರದಲ್ಲಿ ಹೇಳುತ್ತಾರೆ. ಮೇಷ್ಟರುಗಳು ಮಕ್ಕಳಿಗೆ ಹೇಳುತ್ತಾರೆ, ಅಪ್ಪಂದಿರು ಪುಸ್ತಕ ಮುಚ್ಚಿಟ್ಟ ಮಗನಿಗೆ ಹೇಳುತ್ತಾರೆ. ಅವರು ಕೇಳಿಸಿಕೊಂಡದ್ದು ನಿಜ, ಕೆಳಗೆ ಹಾಕದೇ ಇದ್ದದ್ದೂ ನಿಜ. ಆದರೆ ಕೇಳಿದ್ದನ್ನು ಅವರು ನಂಬಿದ್ದರು ಎಂಬುದಕ್ಕೆ ಆಧಾರವೇನು? ಇದನ್ನು ಇದುವರೆಗೆ ಒಬ್ಬರೂ ಕೇಳಿದ್ದು ನಾನು ಕಾಣೆ.

ಹೋದ ತಿಂಗಳು ಊರಿನಲ್ಲಿ ಹೊಸ ವ್ಯಾಯಾಮಶಾಲೆಯ ಆರಂಭೋತ್ಸವ ನಡೆಯಿತು. ಬೆಂಗಳೂರಿನಿಂದ ತರಿಸಿದ ಕಬ್ಬಿಣದ ತೂಕಗಳನ್ನು ಸಾಲಾಗಿ ಜೋಡಿಸಿದ್ದರು. ಹಳೆಯದಕ್ಕೂ ಮರ್ಯಾದೆ ಇರಲಿ ಎಂದೋ ಏನೋ, ಒಂದು ಮೂಲೆಯಲ್ಲಿ ಕುಸ್ತಿಯಾಡಲು ಗರಡಿಯ ಮಟ್ಟಿಯನ್ನೂ ಹದಮಾಡಿದ್ದರು. ಜರಡಿ ಹಿಡಿದ ಕೆಂಪು ಮಣ್ಣು, ಎಳ್ಳೆಣ್ಣೆ, ಅರಿಶಿನ, ಹುಳಿ ಮಜ್ಜಿಗೆ... ಆ ವಾಸನೆ ಮೂರನೆಯ ಸಾಲಿನ ನನ್ನ ಕುರ್ಚಿಯವರೆಗೆ ಬಂತು. ಅಷ್ಟರಲ್ಲಿ ವೇದಿಕೆಯ ಮೇಲೆ ಅದೇ ಕಥೆ ಶುರುವಾಯಿತು. ಹೇಳುತ್ತಿದ್ದವನು ನಮ್ಮ ಗರಡಿಯ ಹಿರೀ ಶಿಷ್ಯ, ಈಗ ಈ ವ್ಯಾಯಾಮಶಾಲೆಗೆ ಮುಖ್ಯಸ್ಥ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಾದರೆ ಎದುರು ಪಕ್ಷದವರು ಏಳಿ ಎಂದು ಗಂಟೆ ಬಾರಿಸುತ್ತಾರೆ. ಅಲ್ಲಿ ಬಾರಿಸಿದ್ದು ಚಪ್ಪಾಳೆ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಾನು ಗರಡಿಗೆ ಸೇರಿದ್ದು ಹೈಸ್ಕೂಲಿನಲ್ಲಿದ್ದಾಗ, ಮಹಾಯುದ್ಧ ಶುರುವಾಗುವುದಕ್ಕೆ ಎರಡು ವರ್ಷ ಮುಂಚೆ. ವಸ್ತಾದರು ಕುಳ್ಳಗೆ, ಅಗಲವಾಗಿ, ಬಾಗಿಲಿಗೆ ಅಡ್ಡ ನಿಲ್ಲಿಸಿದ ಮಂಚದ ಹಾಗಿದ್ದರು. ಗರಡಿಯಲ್ಲಿ ನಾಲ್ಕು ಗುಂಡುಕಲ್ಲುಗಳಿದ್ದವು. ದೊಡ್ಡದನ್ನು ಎತ್ತುತ್ತಿದ್ದವರು ಅವರೊಬ್ಬರೇ. ನೆಲದಿಂದ ತೊಡೆಗೆ, ತೊಡೆಯಿಂದ ಎದೆಗೆ, ಎದೆಯಿಂದ ಹೆಗಲಿಗೆ. ಆಮೇಲೆ ಗೂಡಿನಲ್ಲಿದ್ದ ಆಂಜನೇಯನಿಗೆ ಮುಖ ಮಾಡಿ ನಿಂತು, ಅಲ್ಲಿಂದ ಮಟ್ಟಿಯ ಮೇಲೆ ಮೂರು ಸುತ್ತು. ಉಳಿದ ಊರುಗಳಲ್ಲಿ ಸುತ್ತು ಮುಗಿದ ಮೇಲೆ ಕಲ್ಲನ್ನು ಹಿಂದಕ್ಕೆ ಎಸೆದುಬಿಡುತ್ತಾರೆ. ನಮ್ಮವರು ಎಸೆಯುತ್ತಿರಲಿಲ್ಲ. ಮಗುವನ್ನು ತೊಟ್ಟಿಲಿಗೆ ಹಾಕುವ ಹಾಗೆ ಇಳಿಸುತ್ತಿದ್ದರು. "ಎತ್ತೋಕೆ ತೋಳು ಸಾಕು ಕಣ್ರೋ, ಇಳಿಸೋಕೆ ಮನಸ್ಸು ಬೇಕು" ಎನ್ನುತ್ತಿದ್ದರು.

ಮನಸ್ಸಿನ ಈ ಹುಚ್ಚು ಅವರಿಗೆ ಹತ್ತಿದ್ದು ಮುಳಬಾಗಿಲಿನ ಒಂದು ಪಂದ್ಯದಿಂದ. ನಮ್ಮ ಗರಡಿಯವನೊಬ್ಬ ಕಲ್ಲನ್ನು ಎದೆಗೇರಿಸಿದ್ದ. ಗುಂಪಿನಿಂದ ಯಾರೋ ತೆಲುಗಿನಲ್ಲಿ, ಲಂಗೋಟಿ ಯಾರ ಹೆಂಡತಿಯ ಸೀರೆಯಿಂದ ಹರಿದದ್ದು ಎಂದು ಕೇಳಿದರು. ಇವನು ನಕ್ಕುಬಿಟ್ಟ. ಕಲ್ಲು ಹೆಬ್ಬೆರಳ ಮೇಲೆ ಬಿತ್ತು. ಗಾಡಿಯಲ್ಲಿ ಊರಿಗೆ ಬರುವಷ್ಟರಲ್ಲಿ ವಸ್ತಾದರು ನಿರ್ಧಾರ ಮಾಡಿಯಾಗಿತ್ತು. ಮರುದಿನದಿಂದ ಒಬ್ಬ ಕಲ್ಲು ಎತ್ತುವಾಗ ಉಳಿದವರೆಲ್ಲ ಕೂಗು ಹಾಕಬೇಕು. ಬೈಯಬಹುದು, ನಗಿಸಬಹುದು, ಸುಳ್ಳು ಹೇಳಿ ಹೆದರಿಸಬಹುದು. ಮುಟ್ಟುವ ಹಾಗಿಲ್ಲ, ಅಷ್ಟೇ. ಕಲ್ಲು ಹೊತ್ತವನ ಪಾಲಿಗೆ ಅದು ನೆಲ ಮುಟ್ಟುವವರೆಗೆ ಕಿವಿಗೆ ಬಿದ್ದದ್ದೆಲ್ಲ ಸುಳ್ಳು. ಈ ಪದ್ಧತಿ ಇನ್ನೆಲ್ಲೂ ಇದ್ದದ್ದು ನಾನು ಕೇಳಿಲ್ಲ.

ಉಳಿದವರು ಕೂಗುತ್ತಿದ್ದದ್ದು ಅಂಥದ್ದೇನಲ್ಲ. "ಲೇ, ನಿಮ್ಮೆಮ್ಮೆ ಮಾಲೂರು ಸಂತೇಲಿ ಅಳ್ತಾ ನಿಂತೈತೆ," "ನಿಮ್ಮ ಮಾವ ಬಂದವ್ನೆ, ಮಗಳನ್ನ ವಾಪಸ್ ಬಿಟ್ಟು ಹೋಗ್ತಾನಂತೆ." ಕಲ್ಲೆತ್ತಲು ನಾನು ಕೊನೆಯವನು, ಕೂಗಿನಲ್ಲಿ ಮಾತ್ರ ಬೇಗನೆ ಮೊದಲಿಗನಾದೆ. ಬರೀ ಸುಳ್ಳಿಗೆ ಯಾರೂ ಅಲುಗುವುದಿಲ್ಲ, ಸುಳ್ಳಿಗೆ ವಿವರ ಬೇಕು ಎಂಬುದನ್ನು ನಾನು ಶಾಲೆಯ ಚರ್ಚೆಯಲ್ಲಿ ಕಲಿತಿದ್ದೆ. ಯಾವ ಬೀದಿ, ಯಾರು ನೋಡಿದರು, ಕೈಯಲ್ಲಿ ಏನಿತ್ತು ಎಲ್ಲವನ್ನೂ ಸೇರಿಸುತ್ತಿದ್ದೆ. ನನ್ನ ಮಾತಿಗೆ ಮೂವರು ಕಲ್ಲು ಬಿಟ್ಟಿದ್ದರು. ವಸ್ತಾದರು ಮಾತ್ರ ಜಗ್ಗಿರಲಿಲ್ಲ. ಅದು ನನಗೆ ಛಲವಾಯಿತು.

ಒಂದು ಬೆಳಿಗ್ಗೆ ಅವರ ಹೆಗಲ ಮೇಲೆ ಕಲ್ಲಿತ್ತು. ನಾನು ಹೊರಗಿನಿಂದ ಏದುಸಿರು ಬಿಡುತ್ತ ಓಡಿಬಂದವನಂತೆ ಬಂದು, ಮೆಲ್ಲಗೆ, ಅಳು ತಡೆದವನ ಹಾಗೆ ಹೇಳಿದೆ. "ವಸ್ತಾದ್ರೇ, ಇದು ಕೂಗಲ್ಲ. ಅಕ್ಕ ಹಿತ್ತಲಲ್ಲಿ ಬಿದ್ದವ್ರೆ. ಕೊಡದ ನೀರೆಲ್ಲ ಚೆಲ್ಲಿದೆ, ಕಣ್ಣು ಬಿಡ್ತಿಲ್ಲ." ಅಕ್ಕ ಎಂದರೆ ಅವರ ಹೆಂಡತಿ, ನಮಗೆಲ್ಲ ಅಕ್ಕ. ಅವರು ಸುತ್ತು ಮುಗಿಸಿ, ಇಳಿಸಿ, ನನ್ನ ಬೆನ್ನು ತಟ್ಟಿದರು.

"ಕೂಗು ಅಂದ್ರೆ ಇದು ಕಣೋ. ನನ್ನ ಮಂಡಿ ಒಂದು ಗಳಿಗೆ ಅಳ್ಳಾಡ್ತು. ಇನ್ನೊಂದ್ಸಲ ಹೇಳಿ ನೋಡು, ಅಳ್ಳಾಡಲ್ಲ."

ಅದಾದ ಮೂರನೆಯ ದಿನ. ಅವರು ಮೊದಲನೆಯ ಸುತ್ತಿನಲ್ಲಿದ್ದರು, ಬೆನ್ನು ಬಾಗಿಲಿಗೆ. ಅವರ ಪಕ್ಕದ ಮನೆಯಾಕೆ ಬಾಗಿಲಲ್ಲಿ ಬಂದು ನಿಂತರು. ಹೆಂಗಸರು ಗರಡಿಯ ಕಡೆ ತಲೆ ಹಾಕಿದ್ದನ್ನೇ ನಾನು ನೋಡಿರಲಿಲ್ಲ. ತಲೆಯ ಮೇಲೆಲ್ಲ ಮಣ್ಣು. "ಅಣ್ಣಾ, ಅಡುಗೆಮನೆ ಚಪ್ಪಡಿ ಜಾರಿ ಅಕ್ಕನ ಮೇಲೆ ಬಿದ್ಬಿಟ್ಟೈತೆ. ರಾ ಅಣ್ಣಾ, ಬೇಗ ಬಾ" ಎಂದರು. ನಮ್ಮ ಕಡೆ ಮನೆಗಳಿಗೆ ಚಾವಣಿಯೆಂದರೆ ಕಲ್ಲುಚಪ್ಪಡಿ. ಅದು ಬಿದ್ದರೆ ಎತ್ತಲು ಹತ್ತು ಜನ ಬೇಕು, ಇಲ್ಲವೇ ಅವರೊಬ್ಬರು ಬೇಕು.

ವಸ್ತಾದರು ತಿರುಗಲಿಲ್ಲ. ಇಬ್ಬರು ಹುಡುಗರು ಆಕೆಯ ಹಿಂದೆ ಓಡಿದರು. "ವಸ್ತಾದ್ರೇ, ಇದು ಕೂಗಲ್ಲ" ಎಂದು ನಾನು ಚೀರಿದೆ. ನಿಜವನ್ನು ಹೇಳಲು ನನ್ನ ಹತ್ತಿರ ಇದ್ದದ್ದು ಆ ಒಂದೇ ಮಾತು. ಅದನ್ನು ಮೂರು ದಿನದ ಹಿಂದೆಯೇ ಸುಳ್ಳಿಗೆ ಬಳಸಿ ಮುಗಿಸಿದ್ದೆ. ಮೂಲೆ ತಿರುಗುವಾಗ ಅವರ ಮುಖ ನನಗೆ ಕಂಡಿತು. ಮುಗುಳ್ನಗುತ್ತಿದ್ದರು. ಶಿಷ್ಯ ಈ ಸಲ ಹೆಂಗಸಿನ ದನಿಯನ್ನೂ ಒದಗಿಸಿಕೊಂಡಿದ್ದಾನೆ ಎಂಬ ಮೆಚ್ಚುಗೆ ಅದು...

ಮುಟ್ಟಬೇಕಿತ್ತು, ಕೂಗು ಹಾಕುವವರು ಮಾಡದಿದ್ದದ್ದು ಅದೊಂದೇ. ಮುಟ್ಟಲೆಂದೇ ಮಟ್ಟಿಗೆ ಇಳಿದೆ. ಹಿರೀ ಶಿಷ್ಯ ನನ್ನ ಮಣಿಕಟ್ಟು ಹಿಡಿದುಕೊಂಡ. "ಮುಟ್ಬೇಡ ಲೇ, ಕಲ್ಲು ತಲೆ ಮೇಲೆ ಬಂದಾತು. ಇನ್ನೇನು, ಸುತ್ತು ಮುಗೀಲಿ." ಎರಡನೆಯ ಸುತ್ತು ಆಯಿತು. ಮೂರನೆಯದೂ ಆಯಿತು. ಆಮೇಲೆ ಅವರು ಕಲ್ಲನ್ನು ಎಸೆಯಲಿಲ್ಲ. ಎದೆಗೆ, ತೊಡೆಗೆ, ನೆಲಕ್ಕೆ, ಒಂದೊಂದಾಗಿ ಇಳಿಸಿದರು. ತಿರುಗಿ ನಮ್ಮ ಮುಖಗಳನ್ನು ನೋಡಿದರು. ಅಷ್ಟು ಸಾಕಾಯಿತು.

ಚಪ್ಪಡಿಯನ್ನು ಅವರೊಬ್ಬರೇ ಎತ್ತಿದರಂತೆ. ಅಕ್ಕನ ಮೈ ಇನ್ನೂ ಬಿಸಿಯಾಗಿತ್ತಂತೆ. ಮೂರು ಸುತ್ತಿನಷ್ಟು ಹೊತ್ತು ಮುಂಚೆ ಹೋಗಿದ್ದರೆ ಬದುಕುತ್ತಿದ್ದರೇ? ಎದೆಗೂಡೇ ಮುರಿದಿತ್ತು, ಹೇಗಿದ್ದರೂ ಉಳಿಯುತ್ತಿರಲಿಲ್ಲ ಎಂದು ವೈದ್ಯರು ಹೇಳಿದರು. ಉಸಿರು ನಿಲ್ಲುವವರೆಗೂ "ಅವ್ರು ಬಂದ್ರಾ" ಎಂದು ಕೇಳುತ್ತಲೇ ಇದ್ದರು ಎಂದು ಪಕ್ಕದ ಮನೆಯಾಕೆ ಹೇಳಿದರು. ಎರಡರಲ್ಲಿ ಯಾವುದನ್ನು ತೂಕ ಮಾಡಿ ನೋಡಿದರೂ ನನಗೆ ಇಂದಿಗೂ ತೀರ್ಪು ಸಿಕ್ಕಿಲ್ಲ.

ವಸ್ತಾದರು ಗರಡಿಗೆ ಬೀಗ ಹಾಕಿ ವಕ್ಕಲೇರಿಯಲ್ಲಿದ್ದ ತಂಗಿಯ ಮನೆಗೆ ಹೊರಟುಹೋದರು. ಅಲ್ಲಿ ಧ್ಯಾನಿಯಾದರು, ಮೌನಿಯಾದರು ಎಂದು ಕಥೆ ಮುಂದುವರಿಯುತ್ತದೆ. ನಾನು ಹೋಗಿ ನೋಡಿದ್ದೇನೆ. ತಂಗಿಯ ಹೊಲದಿಂದ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಬರುತ್ತಿದ್ದರು. ಬದುವಿನ ಮೇಲೆ ನಿಂತು "ವಸ್ತಾದ್ರೇ" ಎಂದು ಕರೆದೆ. ಹೊರೆಯನ್ನು ಅಲ್ಲೇ ಕೆಸರಿಗೆ ಹಾಕಿ, ನನ್ನನ್ನು ನೋಡದೆ, ಮನೆಯ ಕಡೆಗೆ ಓಡಿದರು. ಅವರ ತಂಗಿ ಸೊಪ್ಪು ಆರಿಸಿಕೊಳ್ಳುತ್ತ ಹೇಳಿದರು: "ಯಾರ್ ಕರೆದ್ರೂ ಹಿಂಗೇನೇ ಕಣಪ್ಪಾ. ಕೈಲಿ ಅನ್ನದ ತಟ್ಟೆ ಇದ್ರೂ ಬಿಟ್ಟು ಓಡ್ತಾನೆ. ಊರ ಹೈಕಳಿಗೆ ಇದೇ ಒಂದಾಟ. ನೀನೂ ಕರೀಬೇಡ."

ಆಮೇಲೆ ನಾನು ಹೋಗಲಿಲ್ಲ. ಹೋದ ವರ್ಷ ತೀರಿಕೊಂಡರು. ಸುದ್ದಿ ನನಗೆ ತಲುಪಿದ್ದು ಹದಿನೈದು ದಿನ ಕಳೆದ ಮೇಲೆ. ಅವರ ಕ್ಷಮೆ ಕೇಳಬೇಕಾಗಿದ್ದವನು ನಾನು, ಕೇಳಲು ಈಗ ಯಾರೂ ಇಲ್ಲ. ಏಕಾಗ್ರತೆಗೆ ಉದಾಹರಣೆಯಾಗಿ ಊರು ಇಟ್ಟುಕೊಂಡಿರುವುದು ಒಂದು ಸದ್ದಿಗೂ ನಿಲ್ಲಲಾರದೆ ಸತ್ತ ಮನುಷ್ಯನನ್ನು.

ಸಭೆ ಮುಗಿದ ಮೇಲೆ ಮುಖ್ಯಸ್ಥನ ಸುತ್ತ ಜನ ಸೇರಿದ್ದರು. ನನ್ನನ್ನು ಗುರುತು ಹಿಡಿದು, "ನೀನೂ ಇದ್ಯಲ್ಲೋ ಆವತ್ತು, ಹೇಳು ಇವರಿಗೆ" ಎಂದ. ಹೇಳಲು ಬೇಕಾದಷ್ಟಿತ್ತು. ಆದರೆ ಇಷ್ಟು ವರ್ಷ ನಾನು ನನ್ನ ಜೊತೆಗೇ ವಾದಿಸಿ ಗೆಲ್ಲಲಾಗದ ಒಂದು ಸಂಗತಿಗೆ ಬದುಕಿರುವ ಸಾಕ್ಷಿ ಅವನೊಬ್ಬನೇ. ಹತ್ತಿರ ಹೋಗಿ ಕೇಳಿದೆ. ಅವನು ನಗುತ್ತಲೇ ಪಕ್ಕದವರ ಕಡೆ ತಿರುಗಿ ಹೊಸ ತೂಕಗಳನ್ನು ತೋರಿಸಲು ಹೊರಟ. ಆದ್ದರಿಂದ ಅಚ್ಚಿನಲ್ಲಿ ಇನ್ನೊಮ್ಮೆ ಕೇಳುತ್ತಿದ್ದೇನೆ.

ಆವತ್ತು ನನ್ನ ಮಣಿಕಟ್ಟು ಹಿಡಿದಿದ್ದೆಯಲ್ಲ ಅಣ್ಣಾ, ನಾನು ಬಿಡಿಸಿಕೊಳ್ಳಲಾಗದಷ್ಟು ಗಟ್ಟಿಯಾಗಿ ಹಿಡಿದಿದ್ದೆಯಾ?