ಜ್ವರವಿಲ್ಲ ಎಂದ ವಸಂತಾ

ಹೇಗಿದ್ದೀರಿ ಎಂದು ಯಾರು ಕೇಳಿದರೂ ವಸಂತಾಳದು ಒಂದೇ ಉತ್ತರ: ಚೆನ್ನಾಗಿದ್ದೀನಿ. ಅಮೆರಿಕದ ಗೈದರ್ಸ್‌ಬರ್ಗಿನ ಎಲಿಮೆಂಟರಿ ಶಾಲೆಯೊಂದರ ಕೆಫೆಟೇರಿಯಾದಲ್ಲಿ ವರ್ಷಗಟ್ಟಲೆ ಮಕ್ಕಳಿಗೆ ಊಟ ಬಡಿಸಿದವಳು ಅವಳು. ಓವನ್ನಿನ ಟ್ರೇ ತಾಗಿ ಮೊಣಕೈ ಬೊಬ್ಬೆ ಎದ್ದ ದಿನವೂ ಚೆನ್ನಾಗಿದ್ದಳು. ಎಡಗಾಲಿನ ಅಂಗಾಲಲ್ಲಿ ಕಪ್ಪು ಮಚ್ಚೆಯೊಂದು ಹುಟ್ಟಿ, ಹಬ್ಬಿ, ಒಡೆದು ನೀರು ಒಸರತೊಡಗಿದಾಗಲೂ ಅದಕ್ಕೊಂದು ಬ್ಯಾಂಡ್‌ಏಡ್ ಅಂಟಿಸಿಕೊಂಡು ಚೆನ್ನಾಗಿಯೇ ಇದ್ದಳು. ಬಚ್ಚಲಿನ ಬಿಳಿ ಟೈಲ್ಸಿನ ಮೇಲೆ ರಕ್ತದ ಹೆಜ್ಜೆಗಳನ್ನು ಕಂಡ ಗಂಡ ಕೃಷ್ಣಪ್ರಸಾದ ಅವಳನ್ನು ಕಾರಿಗೆ ಹತ್ತಿಸಿಕೊಂಡು ಹೋಗದಿದ್ದರೆ ಇನ್ನೂ ಒಂದು ವರ್ಷ ಹಾಗೇ ಚೆನ್ನಾಗಿರುತ್ತಿದ್ದಳೋ ಏನೋ.

ಅದು ಚರ್ಮದ ಕ್ಯಾನ್ಸರ್. ಬಿಸಿಲಿಗೂ ಅದಕ್ಕೂ ಸಂಬಂಧವಿಲ್ಲ, ಕಂದು ಚರ್ಮದವರಿಗೆ ಅದು ಬಂದರೆ ಹೆಚ್ಚಾಗಿ ಅಂಗಾಲಿಗೋ ಅಂಗೈಗೋ ಬರುತ್ತದೆ ಎಂದರು ಡಾಕ್ಟರ್. ಮಚ್ಚೆಯನ್ನು ಕತ್ತರಿಸಿ ತೆಗೆದರು. ಆರು ತಿಂಗಳಿಗೆ ಮೀನಖಂಡದ ಮೇಲೆ ಹುಣಸೆಬೀಜದಂಥ ಗಂಟುಗಳು ಸಾಲಾಗಿ ಎದ್ದವು. ಇದ್ದ ಔಷಧಿಗಳಿಗೆಲ್ಲ ಅವು ಸೊಪ್ಪು ಹಾಕಲಿಲ್ಲ. ಕೊನೆಗೆ ಉಳಿದದ್ದು ಹೊಸ ಔಷಧಿಯನ್ನು ರೋಗಿಗಳ ಮೇಲೆ ಪರೀಕ್ಷಿಸುವ ಒಂದು ಟ್ರಯಲ್. ವೈರಸ್ಸನ್ನು ಗಂಟಿನೊಳಗೇ ಚುಚ್ಚುವುದು, ಅದು ಕ್ಯಾನ್ಸರನ್ನು ತಿನ್ನುತ್ತದೋ ನೋಡುವುದು. ಇದೂ ಕೈಕೊಟ್ಟರೆ ಮುಂದೇನು ಎಂದು ಕೃಷ್ಣಪ್ರಸಾದ ಕೇಳಿದ್ದಕ್ಕೆ ಡಾಕ್ಟರ್ ಸಹಿ ಮಾಡಬೇಕಾದ ಕಾಗದಗಳನ್ನು ಅವನ ಮುಂದಕ್ಕೆ ಸರಿಸಿದರು.

ದೂರದ ಅಲ್ಫರೆಟಾದಲ್ಲಿರುವ ಮಗಳು ಯಾಮಿನಿ ಆಸ್ಪತ್ರೆಯ ಕಾಗದಗಳನ್ನೆಲ್ಲ ಓದಿ, ಆಫೀಸಿನಿಂದ ಮನೆಗೆ ಬರುವ ಟ್ರಾಫಿಕ್ಕಿನಲ್ಲಿ ಕೂತು ಫೋನ್ ಮಾಡಿದಳು.

"ಅಮ್ಮಾ, ಹಿಂದೆ ಸಿಡುಬಿಗೆ ವ್ಯಾಕ್ಸೀನ್ ಹಾಕ್ತಿದ್ರಲ್ಲ, ಆ ವೈರಸ್ಸೇ ಇದು. ಅದನ್ನ ಎಡಿಟ್ ಮಾಡಿದಾರೆ. ಒಳ್ಳೇ ಸೆಲ್‌ಗಳಲ್ಲಿ ಅದು ಬೆಳೆಯೋಕಾಗಲ್ಲ. ಕ್ಯಾನ್ಸರ್ ಸೆಲ್ ಸಿಕ್ಕಿದ್ರೆ ಮಾತ್ರ ಒಳಗೆ ಹೋಗಿ, ಮರಿ ಹಾಕಿ, ಅದನ್ನ ಒಡೆದುಬಿಡತ್ತೆ. ಆಮೇಲೆ ನಿನ್ನ ಬಾಡೀನೇ ಎಚ್ಚೆತ್ಕೊಂಡು ಫೈಟ್ ಮಾಡತ್ತೆ."

"ಸಿಡುಬಿಂದಾ?" ಎಂದಳು ವಸಂತಾ.

"ಅದರ ಕಸಿನ್ ಅನ್ಕೋ. ಫೀವರ್ ಬಂದ್ರೆ ತಕ್ಷಣ ಅವರಿಗೆ ಕಾಲ್ ಮಾಡ್ಬೇಕು, ಗೊತ್ತಾಯ್ತಾ?"

ವಸಂತಾಳ ಮನಸ್ಸು ಆಗಲೇ ನಂಜನಗೂಡಿನ ನಡುಮನೆಗೆ ಹೋಗಿಯಾಗಿತ್ತು. ಅವಳಿಗೆ ಏಳು ವರ್ಷವಿದ್ದಾಗ ಮೈತುಂಬ ಗುಳ್ಳೆ ಎದ್ದು ಅಮ್ಮ ಆಗಿತ್ತು. ಬೇವಿನ ಸೊಪ್ಪು ಹಾಸಿದ ಚಾಪೆಯ ಮೇಲೆ ಮಲಗಿಸಿ, ಅಜ್ಜಿ ಕಿವಿಯಲ್ಲಿ ಹೇಳಿದ್ದಳು: ಬಂದಿರೋಳು ಅಮ್ಮ ಕಂದಾ, ಉರಿ ಅನ್ನಬೇಡ, ನೋವು ಅನ್ನಬೇಡ, ತಂಪಾಗಿದೀನಿ ತಾಯೀ ಅನ್ನು. ಅವಳ ಹಾಸಿಗೆ ಬಟ್ಟೆ ಬೇರೆ ಇಟ್ಟರು, ಮನೆಯಲ್ಲಿ ಒಗ್ಗರಣೆ ಹಾಕಲಿಲ್ಲ, ಯಾರೂ ಯಾರನ್ನೂ ಬೈಯಲಿಲ್ಲ, ಡಾಕ್ಟರ ಮಾತ್ರೆ ಹೊಸಲು ದಾಟಲಿಲ್ಲ. ಬಂದವಳು ಇರುವಷ್ಟು ದಿನ ಇದ್ದು, ತಲೆಗೆ ನೀರು ಹಾಕಿದ ಮೇಲೆ ಪ್ರಸನ್ನಳಾಗಿ ಹೋದಳು. ಅಷ್ಟು ಮುದ್ದು ಆ ಹುಡುಗಿಗೆ ಅದಕ್ಕೆ ಮುಂಚೆಯೂ ಸಿಕ್ಕಿರಲಿಲ್ಲ, ಆಮೇಲೂ ಸಿಗಲಿಲ್ಲ.

ಆಸ್ಪತ್ರೆಯಲ್ಲಿ ಮೊದಲ ಇಂಜೆಕ್ಷನ್ ಆದ ಮೇಲೆ ನರ್ಸ್ ಡೆನೀಸ್ ನಿಯಮಗಳನ್ನು ಹೇಳಿದಳು. ಚುಚ್ಚಿದ ಜಾಗ ಮುಚ್ಚಿಡಬೇಕು, ಟವೆಲ್ಲು ಹಾಸಿಗೆ ಬೇರೆ, ಬಟ್ಟೆ ಬೇರೆ ಒಗೆಯಬೇಕು, ಎಳೆಮಕ್ಕಳನ್ನೂ ಬಸುರಿಯರನ್ನೂ ಹತ್ತಿರ ಬಿಡಬಾರದು. ವಸಂತಾ ಪ್ರತಿಯೊಂದಕ್ಕೂ ತಲೆಯಾಡಿಸಿದಳು. ಅಜ್ಜಿ ಹೇಳಿದ್ದನ್ನೇ ಈ ಬಿಳಿ ಹುಡುಗಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದಾಳಲ್ಲ ಎಂದು ಅವಳಿಗೆ ಒಳಗೊಳಗೇ ಖುಷಿ. ಜ್ವರ ಬಂದರೆ ಫೋನ್ ಮಾಡಿ ಎಂಬ ಕೊನೆಯ ಮಾತಿಗೂ ತಲೆಯಾಡಿಸಿದಳು. ಆದರೆ ಅದು ಕಿವಿಗೆ ಬಿದ್ದಿತ್ತೇ ಹೊರತು ಒಳಕ್ಕೆ ಇಳಿದಿರಲಿಲ್ಲ.

ಸಂಜೆಗೆ ಮೈ ಕಾಯತೊಡಗಿತು. ವಸಂತಾ ಅಡಿಗೆಮನೆಯ ಬಾಗಿಲಲ್ಲಿ ನಿಂತು ಗಂಡನಿಗೆ ಅಪ್ಪಣೆ ಕೊಟ್ಟಳು.

"ರೀ, ಇವತ್ತಿಂದ ಒಗ್ಗರಣೆ ಬೇಡ. ಮಜ್ಜಿಗೆ ಅನ್ನ ಸಾಕು. ಪಕ್ಕದ್ಮನೆ ಇಂದು ಹತ್ರ ಬೇವಿನ ಕುಂಡ ಇದೆಯಲ್ಲ, ನಾಕು ಎಲೆ ಕೇಳಿ ಇಸ್ಕೊಂಡ್ ಬನ್ನಿ."

ಥರ್ಮಾಮೀಟರ್ ನೂರಾ ಮೂರು ತೋರಿಸುತ್ತಿತ್ತು. ಕೃಷ್ಣಪ್ರಸಾದ ಅದನ್ನು ಎರಡು ಸಲ ಒದರಿ ನೋಡಿದ.

"ವಸಂತಾ, ಕಾಲ್ ಮಾಡೋಣ ಕಣೇ. ಅವರು ಹೇಳಿದಾರೆ."

"ಮನೆಗೆ ಬಂದೋರ ಮೇಲೆ ಫೋನ್ ಮಾಡಿ ಕಂಪ್ಲೇಂಟ್ ಹೇಳ್ತಾರೇನ್ರೀ? ಅಮ್ಮ ಕೆಲಸ ಮಾಡಕ್ಕೆ ಬಂದಿದಾಳೆ, ಮಾಡ್ಲಿ."

ಅವನು ಮೆತ್ತಗಿನ ಮನುಷ್ಯ. ಹೆಂಡತಿಯ ಕಣ್ಣಲ್ಲಿ ಎಷ್ಟೋ ತಿಂಗಳ ಮೇಲೆ ಒಂದು ಬೆಳಕು ಕಂಡು ಫೋನನ್ನು ಮೇಜಿನ ಮೇಲಿಟ್ಟ. ಇಂದುವಿನ ಮನೆಗೆ ಹೋಗಿ ಬೇವಿನ ಎಲೆ ತಂದು ದಿಂಬಿನ ಕೆಳಗಿಟ್ಟ.

ಆ ಎರಡು ದಿನ ವಸಂತಾ ಇದ್ದದ್ದು ಈ ಲೋಕದಲ್ಲಲ್ಲ. ಕಿಟಕಿಯಾಚೆ ಒಂದಕ್ಕೊಂದು ಅಂಟಿದ ಟೌನ್‌ಹೌಸುಗಳ ಸಾಲು ಬಿಸಿಲಲ್ಲಿ ಕರಗಿ ನಂಜನಗೂಡಿನ ಬೀದಿಯಾಗುತ್ತಿತ್ತು, ಆ ಬೀದಿ ಮೆಲ್ಲಗೆ ಅವಳ ಕಾಲೇ ಆಗುತ್ತಿತ್ತು. ಕೆಂಪಂಚಿನ ಹಳದಿ ಸೀರೆಯುಟ್ಟ ಹೆಂಗಸೊಬ್ಬಳು ಆ ಬೀದಿಯಲ್ಲಿ ಮನೆಮನೆಯ ಕದ ತಟ್ಟುತ್ತ ಬರುತ್ತಿದ್ದಳು. ದೀಪ ಹಚ್ಚಿಟ್ಟ ಮನೆಗಳ ಮುಂದೆ ಒಂದು ಗಳಿಗೆ ನಿಂತು, ಒಳಗೆ ಹಣಕಿ, ಮುಂದಕ್ಕೆ ಹೋಗುತ್ತಿದ್ದಳು. ಹೊಸಲಿಲ್ಲದ, ಗೋಡೆಯ ಮೇಲೆ ಗೋಡೆ ಬೆಳೆದು ಬೀದಿಯನ್ನೇ ನುಂಗುತ್ತಿದ್ದ ಮನೆಗಳು ಸಿಕ್ಕರೆ ಮಾತ್ರ ಸೆರಗು ಸಿಕ್ಕಿಸಿ ಒಳಹೊಗುತ್ತಿದ್ದಳು. ಒಬ್ಬಳೇ ಹೋದವಳು ಹೊರಗೆ ಬರುವಾಗ ನೂರಾರು ಮಂದಿಯಾಗಿರುತ್ತಿದ್ದಳು. ಹಿಂದೆ ಮನೆ ಸದ್ದಿಲ್ಲದೆ ಕುಸಿಯುತ್ತಿತ್ತು. ವಸಂತಾಳ ಹಲ್ಲು ಕಟಕಟ ಎನ್ನುತ್ತಿತ್ತು, ಮೂಳೆಮೂಳೆ ನೋಯುತ್ತಿತ್ತು, ಆದರೂ ಅವಳು ತಂಪಾಗಿದೀನಿ ತಾಯೀ ಎಂದೇ ಹೇಳುತ್ತಿದ್ದಳು.

ಮರುದಿನ ಡೆನೀಸಳ ಫೋನ್ ಬಂತು. ಜ್ವರ? ಇಲ್ಲ. ಚಳಿ? ಇಲ್ಲ. ಮೈಕೈ ನೋವು? ಏನೂ ಇಲ್ಲ, ಚೆನ್ನಾಗಿದ್ದೀನಿ. ವಂಡರ್‌ಫುಲ್ ಎಂದಳು ಡೆನೀಸ್. ಕೃಷ್ಣಪ್ರಸಾದ ಕೈಯಲ್ಲಿ ಮಜ್ಜಿಗೆ ಲೋಟ ಹಿಡಿದು ನಿಂತಿದ್ದವನು ಗೋಡೆಯ ಕಡೆ ತಿರುಗಿದ. ಮೂರನೆಯ ದಿನ ಮೈ ತಣ್ಣಗಾಯಿತು, ವಸಂತಾ ತಲೆಗೆ ನೀರು ಹಾಕಿಕೊಂಡಳು.

ಎರಡು ವಾರದ ಮೇಲೆ ಮತ್ತೆ ಆಸ್ಪತ್ರೆಗೆ ಹೋದಾಗ ಡಾಕ್ಟರ್ ಗಂಟುಗಳನ್ನು ಸ್ಕೇಲಿಟ್ಟು ಅಳೆದರು. ಚುಚ್ಚಿದ್ದ ಗಂಟು ಮೆತ್ತಗಾಗಿತ್ತು, ಒಂದಿಷ್ಟು ಕುಗ್ಗಿಯೂ ಇತ್ತು. ಇದು ಬರೀ ಶುರು, ಈಗಲೇ ಏನೂ ಹೇಳಲಾಗದು ಎಂದರೂ ಅವರ ಮುಖ ಅರಳಿತ್ತು. ಎರಡನೆಯ ಇಂಜೆಕ್ಷನ್ ತಯಾರಾಗುವವರೆಗೆ ಹೊರಗೆ ಕೂತಿರಿ ಎಂದರು. ವಸಂತಾ ತೇಲಿಕೊಂಡೇ ಹೊರಗೆ ಬಂದಳು.

ಹೊರಗೆ ಪಕ್ಕದ ಕುರ್ಚಿಯಲ್ಲಿ ಎತ್ತರದ ಕಪ್ಪು ಮನುಷ್ಯನೊಬ್ಬ ತೊಡೆಯ ಮೇಲೆ ಕಾಗದದ ಚೀಲ ಇಟ್ಟುಕೊಂಡು ಕೂತಿದ್ದ. ಹೆಸರು ಕರ್ಟಿಸ್, ಊರು ದಕ್ಷಿಣ ಕರೋಲಿನಾದ ಫೋರ್ಟ್ ಮಿಲ್. ಹೆಂಡತಿಯ ಜೊತೆ ಇಡೀ ಹಗಲು ಡ್ರೈವ್ ಮಾಡಿಕೊಂಡು ಬಂದಿದ್ದ. ಅವನದೂ ಅಂಗಾಲಿನದೇ ಕಾಯಿಲೆ. ಚೀಲದಿಂದ ಒಂದು ಪೀಚ್ ಹಣ್ಣು ತೆಗೆದು ವಸಂತಾಳ ಕೈಗಿಟ್ಟ, ಅವರ ಕಡೆಯ ತೋಟದ್ದಂತೆ.

"ನಾಳೆ ನನ್ನ ಸರದಿ," ಎಂದ ಇಂಗ್ಲಿಷಿನಲ್ಲಿ. "ನಾನು ಎರಡನೇ ಗುಂಪಿನ ಮೊದಲನೆಯವನು. ನನ್ನ ಹಿಂದಿನ ಗುಂಪಿನಲ್ಲಿ ಯಾರಿಗೂ ಜ್ವರ ಕೂಡ ಬರಲಿಲ್ಲವಂತೆ. ಅದಕ್ಕೇ ನನಗೆ ಹತ್ತರಷ್ಟು ದೊಡ್ಡ ಡೋಸ್. ನನ್ನ ಹಾರ್ಟ್ ಅಷ್ಟಕ್ಕಷ್ಟೇ, ಆದರೂ ಪರವಾಗಿಲ್ಲ ಅಂದಿದ್ದಾರೆ."

ವಸಂತಾಳ ಕೈಯಲ್ಲಿ ಹಣ್ಣು ಬೆಚ್ಚಗಿತ್ತು. ಹಿಂದಿನ ಗುಂಪು ಎಂದರೆ ತಾನು, ಇನ್ನಿಬ್ಬರು. ತಾನು ಇಲ್ಲ ಎಂದ ಜ್ವರದ ಮೇಲೆ ನಂಬಿಕೆಯಿಟ್ಟು ಈ ಮನುಷ್ಯ ನಾಳೆ ಇಂಜೆಕ್ಷನ್ನಿಗೆ ಮಲಗುತ್ತಾನೆ. ಅವಳ ಮನೆಗೆ ಬಂದವಳು ಅವಳೊಬ್ಬಳ ಮನೆಗೇ ಬಂದವಳಲ್ಲ, ಮುಂದಿನ ಮನೆಗೂ ಹೋಗಬೇಕಾದವಳು. ಎಷ್ಟು ಮಂದಿಯಾಗಿ ಹೋಗಬೇಕು ಎನ್ನುವುದನ್ನು ಆಸ್ಪತ್ರೆಯವರು ಗೊತ್ತುಮಾಡುತ್ತಿದ್ದದ್ದು ಅವಳ ಬಾಯಿ ಮಾತಿನಿಂದ. ಅಷ್ಟು ಸರಳವಾದ ವಿಷಯ ಆವರೆಗೂ ಅವಳಿಗೆ ಹೊಳೆದಿರಲಿಲ್ಲ.

ಹೇಳಿದರೆ ಟ್ರಯಲ್ಲಿನಿಂದ ತೆಗೆದುಹಾಕುತ್ತಾರೆ ಎಂಬುದೂ ಆಗಲೇ ಹೊಳೆಯಿತು. ಸಹಿ ಮಾಡುವಾಗ ಯಾಮಿನಿ ಓದಿ ಹೇಳಿದ್ದಳು, ನಿಯಮ ತಪ್ಪಿದವರನ್ನು ಕೈಬಿಡಬಹುದು ಎಂದು. ಗಂಟು ಈಗಷ್ಟೇ ಮೆತ್ತಗಾಗಿದೆ. ಬೇರೆ ಔಷಧಿಯಿಲ್ಲ. ಕಾಲಿನ ಮೇಲೆ ಇನ್ನೂ ಒಂದು ಬೀದಿಯಷ್ಟು ಗಂಟುಗಳಿವೆ. ವಸಂತಾಳಿಗೆ ಬದುಕುವ ಆಸೆಯಿತ್ತು, ಬೇಕಾದಷ್ಟಿತ್ತು. ಕರ್ಟಿಸ್ ತನ್ನ ಹೆಂಡತಿಗೂ ಒಂದು ಹಣ್ಣು ಕೊಟ್ಟು, ರಸ ಸೋರೀತು ಎಂದು ಅವಳ ಗಲ್ಲದ ಕೆಳಗೆ ಕೈ ಹಿಡಿದ.

ವಸಂತಾ ಎದ್ದು ಕುಂಟುತ್ತ ಡೆನೀಸಳ ಮೇಜಿನ ಬಳಿ ಹೋದಳು. "ನನಗೆ ಜ್ವರ ಬಂದಿತ್ತು," ಎಂದಳು. "ಎರಡು ದಿನ. ನೂರಾ ಮೂರು. ನಾನು ಸುಳ್ಳು ಹೇಳಿದೆ."

ಡಾಕ್ಟರ್ ಬಂದರು. ಯಾಕೆ ಹೇಳಲಿಲ್ಲ ಎಂದು ಕೇಳಿದರು. ಅಜ್ಜಿ, ಅಮ್ಮ, ಬೇವಿನ ಸೊಪ್ಪು ಎಲ್ಲವನ್ನೂ ಹರಕು ಇಂಗ್ಲಿಷಿನಲ್ಲಿ ಬಿಡಿಸಿ ಹೇಳುವಷ್ಟರಲ್ಲಿ ವಸಂತಾಳ ಬೆವರಿಳಿಯಿತು. ಅವರು ನಗಲೂ ಇಲ್ಲ, ಬೈಯಲೂ ಇಲ್ಲ. ಆ ದಿನದ ಇಂಜೆಕ್ಷನ್ನನ್ನು ನಿಲ್ಲಿಸಿದರು, ಕರ್ಟಿಸ್‌ನ ದೊಡ್ಡ ಡೋಸನ್ನೂ ನಿಲ್ಲಿಸಿದರು. ನಿಮ್ಮನ್ನು ಉಳಿಸಿಕೊಳ್ಳುವುದು ಬಿಡುವುದು ನನ್ನೊಬ್ಬನ ಕೈಲಿಲ್ಲ, ಮೇಲಿನವರಿಗೆ ಬರೆಯುತ್ತೇನೆ ಎಂದರು.

ಮನೆಗೆ ಬಂದು ಮಗಳಿಗೆ ಎಲ್ಲ ತಿಳಿಸಿದರು. ಯಾಮಿನಿ ಫೋನಿನಲ್ಲಿ ಅತ್ತಳು, ಆಮೇಲೆ ಸಿಟ್ಟಾದಳು, ಆಮೇಲೆ ಮತ್ತೆ ಅತ್ತಳು. ಉತ್ತರ ಬರುವವರೆಗಿನ ದಿನಗಳು ಜ್ವರದ ದಿನಗಳಿಗಿಂತ ಮಬ್ಬಾಗಿದ್ದವು. ವಸಂತಾ ಹಿತ್ತಿಲ ಕಡೆಯ ಮರದ ಡೆಕ್ಕಿನ ಮೇಲೆ ಕೂತು, ಹಳದಿ ಸೀರೆಯವಳು ಬೀದಿಯ ನಡುವೆಯೇ ನಿಂತುಬಿಟ್ಟಿದ್ದಾಳೆ ಎಂದು ನೆನೆಯುತ್ತಿದ್ದಳು. ಮುಂದಕ್ಕೂ ಹೋಗಲಾರಳು, ಹಿಂದಕ್ಕೂ ಹೋಗಲಾರಳು.

ಉತ್ತರ ಬಂತು. ಉಳಿಸಿಕೊಳ್ಳುತ್ತೇವೆ, ಅದೇ ಚಿಕ್ಕ ಡೋಸಿನಲ್ಲಿ. ಮೊದಲ ದಿನ ಆಸ್ಪತ್ರೆಯಲ್ಲೇ ಇರಬೇಕು, ಆಮೇಲೆ ದಿನವೂ ಫೋನಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಕರ್ಟಿಸ್‌ಗೂ ಚಿಕ್ಕ ಡೋಸೇ ಸಿಕ್ಕಿತು. ಅವನಿಗೂ ಸುಡುವ ಜ್ವರ ಬಂದು ಇಳಿಯಿತೆಂದು ಅವನ ಹೆಂಡತಿಯೇ ಆಮೇಲೆ ಹೇಳಿದಳು.

ಎರಡನೆಯ ಇಂಜೆಕ್ಷನ್ ಆಗಿ ಮನೆಗೆ ಬಂದ ಮಧ್ಯಾಹ್ನ ಡೆನೀಸಳ ಫೋನ್ ಬಂತು. ವಸಂತಾ ಥರ್ಮಾಮೀಟರ್ ನೋಡಿ ಜ್ವರ ಎಷ್ಟೆಂದು ಹೇಳಿದಳು. ಚಳಿ ಇದೆ ಎಂದಳು. ಸೊಂಟ, ಮಂಡಿ, ಕಣ್ಣಗುಡ್ಡೆ ಎಲ್ಲ ನೋಯುತ್ತಿವೆ ಎಂದಳು. ಒಂದೊಂದು ಮಾತಿಗೂ ಅಜ್ಜಿ ಎಲ್ಲೋ ಕೂತು ಬೇಜಾರು ಮಾಡಿಕೊಳ್ಳುತ್ತಿದ್ದಾಳೆ ಅನ್ನಿಸುತ್ತಿತ್ತು. ಇನ್ನೇನಾದರೂ ಇದೆಯೇ ಎಂದು ಡೆನೀಸ್ ಕೇಳಿದಳು.

ವಸಂತಾ ಥರ್ಮಾಮೀಟರನ್ನು ಡಬ್ಬಿಗೆ ಹಾಕಿಟ್ಟಳು. "ಹೆದರಿಕೆ ಆಗ್ತಿದೆ," ಎಂದಳು. ಅದು ಕನ್ನಡದಲ್ಲೇ ಬಂದುಬಿಟ್ಟಿತು. ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದಳು. "ಸಾಯ್ತೀನೇನೋ ಅಂತ ತುಂಬಾ ಹೆದರಿಕೆ."

ಡೆನೀಸ್ ಸಮಾಧಾನದ ಮಾತಾಡಿ, ಯಾವ ಮಾತ್ರೆ ತೆಗೆದುಕೊಳ್ಳಬೇಕೆಂದು ಹೇಳಿ ಫೋನಿಟ್ಟಳು. ಒಲೆಯ ಮುಂದೆ ನಿಂತಿದ್ದ ಕೃಷ್ಣಪ್ರಸಾದ ಸೌಟು ಕೆಳಗಿಟ್ಟು ಬಂದು ಮಂಚದ ಅಂಚಿನಲ್ಲಿ ಕೂತ. ಅವಳ ಸುಡುವ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಇಷ್ಟು ದಿನ ನಾನೊಬ್ಬನೇ ಹೆದರ್ಕೊಂಡಿದ್ದೆ ಕಣೇ," ಎಂದ.