ಪಕ್ಕದ ಮನೆಯವಳು

ಶಿವಲಿಂಗಮ್ಮ ಬೆಳಿಗ್ಗೆ ಆರೂವರೆಗೆ ಗಂಡನನ್ನು ಮನೆಯೊಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದಳು. ಹಾಕದಿದ್ದರೆ ನಾಯಿ ನುಗ್ಗುತ್ತಿತ್ತು. ಒಂದು ಸಲ ನುಗ್ಗಿ, ಅವನ ತಲೆಯ ಹತ್ತಿರ ಇಟ್ಟಿದ್ದ ಬ್ರೆಡ್ಡನ್ನೆಲ್ಲ ತಿಂದು, ಅವನ ಕಾಲ ಬಳಿಯೇ ಮಲಗಿಬಿಟ್ಟಿತ್ತು. ಹೆಗ್ಗನಹಳ್ಳಿಯ ಆ ವಠಾರದಲ್ಲಿ ಒಂಬತ್ತು ಶೀಟಿನ ಮನೆಗಳಿದ್ದವು. ಏಳು ಗಂಟೆ ಆಯಿತೆಂದರೆ ಎಂಟು ಮನೆಗಳವರು ಪೀಣ್ಯದ ಗಾರ್ಮೆಂಟ್ಸು, ಲೇತು, ಪ್ಲೇಟಿಂಗ್ ಶೆಡ್ಡುಗಳಿಗೆ ಹೋಗಿಬಿಡುತ್ತಿದ್ದರು. ಉಳಿಯುತ್ತಿದ್ದವನು ಅವಳ ಗಂಡ ನಲ್ಲಪ್ಪ ಒಬ್ಬನೇ.

ನಲ್ಲಪ್ಪ ಎರಕದ ಕಾರ್ಖಾನೆಯಲ್ಲಿ ಇಪ್ಪತ್ತಮೂರು ವರ್ಷ ಮರಳಿನ ಅಚ್ಚು ಕಟ್ಟಿದವನು. ಮದುವೆಯಾದ ವರ್ಷವೇ ಕುಣಿಗಲ್ ಕಡೆಯಿಂದ ಹೆಂಡತಿಯನ್ನು ಕರೆದುಕೊಂಡು ಬಂದಿದ್ದ. ಮರಳನ್ನು ಒಂದು ಹಿಡಿ ಹಿಡಿದು ಬಿಟ್ಟರೆ ಸಾಕು, ನೀರು ಹೆಚ್ಚೋ ಕಮ್ಮಿಯೋ ಹೇಳುತ್ತಿದ್ದ. ಭಾನುವಾರ ಮುದ್ದೆ ಕಟ್ಟುವವನು ಅವನೇ. "ಮರಳು ಕಲಸೋನ್ಗೆ ಹಿಟ್ಟು ಕಲಸಾದು ಯಾವ ಲೆಕ್ಕ" ಎನ್ನುತ್ತಿದ್ದ. ಒಂದು ಮಗು ಹುಟ್ಟಿ ಹನ್ನೊಂದನೆಯ ದಿನ ತೀರಿಕೊಂಡಿತು. ಆಮೇಲೆ ಆಗಲಿಲ್ಲ. ಅವನ ಕಡೆಯಲ್ಲೂ ಅವಳ ಕಡೆಯಲ್ಲೂ ಹೇಳಿಕೊಳ್ಳುವಂಥವರು ಯಾರೂ ಉಳಿಯಲಿಲ್ಲ.

ಎರಕದ ಕಾರ್ಖಾನೆ 2004ರಲ್ಲಿ ಮುಚ್ಚಿತು. ಅದರ ಜೊತೆಗೇ ಕಾರ್ಮಿಕರ ಆಸ್ಪತ್ರೆಯಲ್ಲಿ ನಡೆಯುತ್ತಿದ್ದ ನಲ್ಲಪ್ಪನ ಇಎಸ್‌ಐ ಕಾರ್ಡೂ ನಿಂತಿತು. ಕೆಲವು ವರ್ಷ ಗೋದಾಮೊಂದರಲ್ಲಿ ವಾಚ್‌ಮನ್ ಆಗಿದ್ದ. 2010ರ ಯುಗಾದಿ ಕಳೆದ ವಾರ, ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನು ನಲ್ಲಿಯ ಹತ್ತಿರ ಕುಸಿದು ಕುಳಿತ. ಲಕ್ವ ಹೊಡೆದಿತ್ತು. ದೊಡ್ಡಾಸ್ಪತ್ರೆಯಲ್ಲಿ ಹದಿನೆಂಟು ದಿನ ಇಟ್ಟುಕೊಂಡು, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದರು. ಬಲಗಡೆ ಪೂರ್ತಿ ಹೋಗಿತ್ತು. ಮಾತಿನಲ್ಲಿ ಉಳಿದದ್ದು "ಆಯ್ತು" ಎಂಬುದೊಂದೇ. ಊಟ ಮಾಡ್ತೀಯಾ ಎಂದರೂ ಆಯ್ತು, ನೋಯ್ತದಾ ಎಂದರೂ ಆಯ್ತು.

ಶಿವಲಿಂಗಮ್ಮ ಪೀಣ್ಯ ಎರಡನೇ ಹಂತದ ಕಂಪನಿಯೊಂದರಲ್ಲಿ ಕಸ ಗುಡಿಸುವ, ನೆಲ ಒರೆಸುವ ಕೆಲಸ ಮಾಡುತ್ತಿದ್ದಳು. ಕಂಪನಿಗೆ ಆಳು ಒದಗಿಸುವ ಏಜೆನ್ಸಿಯವರು ತಿಂಗಳು ತಿಂಗಳು ಸಂಬಳದಲ್ಲಿ ಇಎಸ್‌ಐ ಎಂದು ಹಿಡಿಯುತ್ತಿದ್ದರೇ ಹೊರತು ಕಾರ್ಡು ಬರಲಿಲ್ಲ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಅವನನ್ನು ಒರೆಸಿ, ಬಟ್ಟೆ ಬದಲಾಯಿಸಿ, ಅನ್ನ ಕಲಸಿ ತಿನ್ನಿಸಿ, ಎಡಗೈಗೆ ಎಟುಕುವಂತೆ ನೀರಿನ ಬಾಟಲಿ ಇಟ್ಟು ಹೊರಡುತ್ತಿದ್ದಳು. ಸಂಜೆ ಬಂದು ಮತ್ತೆ ಅದೇ. ಅಯ್ಯೋ ಎನ್ನುವುದನ್ನು ಮೊದಲ ವರ್ಷವೇ ಬಿಟ್ಟಿದ್ದಳು. ನೀರು ಕಾಯಿಸಬೇಕು, ಕಾಯಿಸಿದಳು. ಮಗ್ಗುಲು ಹೊರಳಿಸಬೇಕು, ಹೊರಳಿಸಿದಳು.

ವಯಸ್ಸಾದವರಿಗೆಂದು ಸರ್ಕಾರ ಕೊಡುತ್ತಿದ್ದ ನಾನೂರು ರೂಪಾಯಿ ಮನಿಯಾರ್ಡರಿನಲ್ಲಿ ಬರುತ್ತಿತ್ತು. ಅವನ ಮಾತ್ರೆಗಳು ಅದರಲ್ಲೇ ಆಗುತ್ತಿದ್ದವು. 2012ರಲ್ಲಿ ಅದು ನಿಂತಿತು. ನಾಲ್ಕು ತಿಂಗಳು ಕಾದು, ಅರ್ಧ ದಿನದ ಸಂಬಳ ಬಿಟ್ಟು ಅವಳು ನಾಡಕಚೇರಿಗೆ ಹೋದಳು. ಅಲ್ಲಿನ ಗುಮಾಸ್ತ ಕಂಪ್ಯೂಟರಿನಲ್ಲಿ ಹುಡುಕಿದ.

"ನಿಮ್ಮ ಯಜಮಾನ್ರ ಹೆಸರು ತೆಗ್ದುಬಿಟ್ಟಿದಾರಮ್ಮ. ಪೋಸ್ಟ್‌ಮ್ಯಾನ್ ಮೂರು ಸಲ ಬಂದಿದಾನೆ, ಮನೆಗೆ ಬೀಗ ಇತ್ತಂತೆ. 'ವಿಳಾಸದಲ್ಲಿ ವಾಸವಿಲ್ಲ' ಅಂತ ಬರ್ದು ವಾಪಸ್ ಕಳಿಸಿದಾನೆ. ಆಮೇಲೆ ಪರಿಶೀಲನೆಗೆ ಬಂದೋರೂ ಅದೇ ಬರ್ದಿದಾರೆ."

"ಬೀಗ ನಾನೇ ಆಕ್ಕೊಂಡೋಗಾದು ಸಾಮಿ. ಅವ್ರು ಒಳಗೇ ಇರ್ತಾರೆ. ಏಳಕ್ಕಾಗಾಕಿಲ್ಲ."

"ಕೂಗಿ ಹೇಳ್ಬೇಕಿತ್ತು, ಒಳಗಿದೀನಿ ಅಂತ."

"ಮಾತೂ ಬರಾಕಿಲ್ಲ ಸಾಮಿ."

ಗುಮಾಸ್ತ ಅರ್ಜಿಯ ಹಾಳೆಯೊಂದನ್ನು ಎಳೆದು ಅವಳ ಮುಂದಿಟ್ಟ. ಕೆಟ್ಟವನೇನಲ್ಲ. "ಹೊಸದಾಗಿ ಅರ್ಜಿ ಹಾಕಿ. ಈಗ ಮೊದಲ್ನಂಗಿಲ್ಲ, ತುಂಬ ಜನರದ್ದು ತೆಗೀತಿದಾರೆ. ಅವ್ರನ್ನ ಒಂದ್ಸಲ ಕರ್ಕೊಂಡ್ಬನ್ನಿ, ಸಾಹೇಬ್ರು ನೋಡ್ಬಿಟ್ರೆ ಬೇಗ ಆಗುತ್ತೆ" ಎಂದ.

ಮುಂದಿನ ವಾರ ವಠಾರದ ಇಬ್ಬರು ಗಂಡಸರು ಎತ್ತಿ ಕೂರಿಸಿದರು, ಆಟೋದಲ್ಲಿ ಕರೆದುಕೊಂಡು ಹೋದಳು. ಸಾಹೇಬರು ಮೀಟಿಂಗಿಗೆ ಹೋಗಿದ್ದರು. ಒಂದೂವರೆ ಗಂಟೆ ಆಟೋದಲ್ಲೇ ಕುಳಿತರು. ನಲ್ಲಪ್ಪ ರಸ್ತೆಯನ್ನು ನೋಡುತ್ತಿದ್ದ. ಎರಡು ವರ್ಷದ ಮೇಲೆ ರಸ್ತೆ ನೋಡಿದ್ದು. ಮೆಟ್ರೋ ಕಂಬಗಳನ್ನು ತಲೆಯೆತ್ತಿ ನೋಡಿದ. ಆಮೇಲೆ ಸೀಟಿನಲ್ಲೇ ಉಚ್ಚೆ ಹೋಯಿತು. ಆಟೋದವನು ಸೀಟು ತೊಳೆಸಬೇಕೆಂದು ಐವತ್ತು ರೂಪಾಯಿ ಮೇಲೆ ಕೇಳಿದ. ಅವಳು ಕೊಟ್ಟಳು. ಅರ್ಜಿ ಒಳಗೆ ಕೊಟ್ಟು ಮನೆಗೆ ಬಂದರು.

ಆ ಮಳೆಗಾಲ ಅವನ ಬೆನ್ನ ಕೆಳಗೆ ಹುಣ್ಣಾಯಿತು. ಆರೋಗ್ಯ ಕೇಂದ್ರದ ನರ್ಸ್ ಪಂಕಜಾ ಬಂದು ನೋಡಿದಳು.

"ಎರಡು ಗಂಟೆಗೊಂದ್ಸಲ ಹೊರಳಿಸ್ಬೇಕಮ್ಮ. ಬೆಳಿಗ್ಗೆಯಿಂದ ಸಂಜೆವರೆಗೂ ಒಂದೇ ಮಗ್ಗುಲಲ್ಲಿ ಮಲಗಿದ್ರೆ ಮೂಳೆ ತಂಕ ಹೋಗುತ್ತೆ."

"ನಾನು ಮನೇಲಿ ಕುಂತ್ರೆ ಇಬ್ರಿಗೂ ಗಂಜಿ ಇಲ್ಲ ತಾಯಿ."

ದುಡ್ಡು ತೆಗೆದುಕೊಂಡು ನೋಡಿಕೊಳ್ಳುವ ಜಾಗಗಳು ಪೀಣ್ಯದಲ್ಲೂ ಇದ್ದವು. ಅಲ್ಲಿ ತಿಂಗಳಿಗೆ ಕೇಳುತ್ತಿದ್ದದ್ದು ಅವಳ ಎರಡೂವರೆ ತಿಂಗಳ ಸಂಬಳ. ಪಂಕಜಾ ಕೈ ತೊಳೆದುಕೊಳ್ಳುತ್ತ, ಅವಳ ಮುಖ ನೋಡದೆ ಹೇಳಿದಳು: "ನೆಲಮಂಗಲ ದಾಟಿ ಒಂದು ಆಶ್ರಮ ಇದೆ. ದುಡ್ಡು ತಗೊಳ್ಳಲ್ಲ, ಚೆನ್ನಾಗಿ ನೋಡ್ಕೋತಾರೆ. ಆದ್ರೆ ದಿಕ್ಕಿಲ್ಲದೋರ್ನ ಮಾತ್ರ ಸೇರಿಸ್ಕೊಳ್ಳೋದು. ಹೆಂಡ್ತಿ ಇದಾಳೆ ಅಂದ್ರೆ ಇಲ್ಲ."

ಶಿವಲಿಂಗಮ್ಮ ಅದನ್ನು ಹತ್ತು ದಿನ ತಲೆಯಲ್ಲಿಟ್ಟುಕೊಂಡು ಓಡಾಡಿದಳು. ಹನ್ನೊಂದನೆಯ ದಿನ ವಠಾರದ ಯಜಮಾನ ಆವಲಪ್ಪನವರ ಬಾಗಿಲಿಗೆ ಹೋಗಿ ನಿಂತಳು. ನಲ್ಲಪ್ಪ ಒಂಟಿಮನುಷ್ಯ, ಹಿಂದೆ ಮುಂದೆ ಯಾರೂ ಇಲ್ಲ ಎಂದು ಒಂದು ಕಾಗದ ಬರೆದುಕೊಡಬೇಕೆಂದು ಕೇಳಿದಳು.

"ಏನಮ್ಮಾ ಇದು? ನೀನಿದ್ದೂ ಇಲ್ಲ ಅಂತ ಬರೀಲಾ?"

"ಬರೀರಿ ಅಣ್ಣ."

"ನಲ್ಲಪ್ಪನ್ನ ಕೇಳಿದ್ಯಾ?"

"ಕೇಳ್ದೆ. ಆಯ್ತು ಅಂದ್ರು."

ಆವಲಪ್ಪ ಕನ್ನಡಕ ತೆಗೆದರು, ಒರೆಸಿ ಮತ್ತೆ ಹಾಕಿಕೊಂಡರು. ಬರೆದು ಸಹಿ ಹಾಕಿದರು. ಪೊಲೀಸ್ ಠಾಣೆಗೂ ತಾವೇ ಹೋಗಿ ಆಶ್ರಮಕ್ಕೆ ಬೇಕಾದ ಪತ್ರ ತಂದುಕೊಟ್ಟರು.

ಡಿಸೆಂಬರಿನ ಒಂದು ಸೋಮವಾರ ಮೂವರೂ ಆಶ್ರಮಕ್ಕೆ ಹೋದರು. ಮೇಲ್ವಿಚಾರಕ ದ್ವಾರಕಾನಾಥ ಯಾವುದೋ ಸರ್ಕಾರಿ ಕಾರ್ಖಾನೆಯಿಂದ ನಿವೃತ್ತರಾಗಿ ಬಂದವರು. ಫಾರಂ ಮುಂದಿಟ್ಟುಕೊಂಡು ಶಿವಲಿಂಗಮ್ಮನನ್ನು ಕೇಳಿದರು: "ಇವರ ಹೆಸರೇನು?"

ಅವಳು ಬಾಯಿ ತೆರೆದಳು, ಮುಚ್ಚಿದಳು. ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ಆ ಹೆಸರನ್ನು ಒಮ್ಮೆಯೂ ಹೇಳಿದವಳಲ್ಲ. ರೇಷನ್ ಅಂಗಡಿಯಲ್ಲೂ ಕಾರ್ಡು ತೋರಿಸಿ ಸುಮ್ಮನೆ ನಿಲ್ಲುತ್ತಿದ್ದಳು. ಆವಲಪ್ಪನವರು ತಕ್ಷಣ "ನಲ್ಲಪ್ಪ ಸಾರ್" ಎಂದರು.

"ನೀವು ಏನಾಗ್ಬೇಕಮ್ಮ?"

"ಪಕ್ಕದ್ಮನೆಯವ್ಳು."

"ನೀವು ಇಷ್ಟು ದಿನ ನೋಡ್ಕೊಂಡಿದ್ದೇ ದೊಡ್ಡದು. ಈ ಕಾಲದಲ್ಲಿ ಯಾರು ಮಾಡ್ತಾರೆ" ಎಂದು ಅವರು ಬರೆದುಕೊಂಡರು. ನಲ್ಲಪ್ಪನನ್ನು ಗಾಲಿಕುರ್ಚಿಯಲ್ಲಿ ಒಳಗೆ ತಳ್ಳಿಕೊಂಡು ಹೋದರು. ಬಸ್ಸಿನಲ್ಲಿ ವಾಪಸ್ ಬರುವಾಗ ಆವಲಪ್ಪ ಏನೋ ಸಮಾಧಾನ ಹೇಳುತ್ತಲೇ ಇದ್ದರು. ಅವಳು ಟೋಲಿನಲ್ಲಿ ಸಾಲುಗಟ್ಟಿ ನಿಂತ ಲಾರಿಗಳನ್ನು ನೋಡುತ್ತ ಕೂತಿದ್ದಳು. ಮನೆಗೆ ಬಂದು ಹಾಸಿಗೆಯ ಬಟ್ಟೆಯನ್ನೆಲ್ಲ ಒಗೆದು ಹಾಕಿ, ಬೆಳಗಿನ ಅನ್ನವನ್ನೇ ಉಂಡು ಮಲಗಿದಳು. ನಾಲ್ಕೂವರೆಗೆ ಎಚ್ಚರವಾಯಿತು. ಮಾಡಲು ಏನೂ ಇರಲಿಲ್ಲ. ಆರೂವರೆಯವರೆಗೂ ಗೋಡೆಗೆ ಒರಗಿ ಕೂತಿದ್ದಳು.

ತಿಂಗಳಿಗೊಂದು ಭಾನುವಾರ ಬಾಳೆಹಣ್ಣು ಹಿಡಿದು ಹೋಗುತ್ತಿದ್ದಳು. ಹುಣ್ಣು ಮಾಯುತ್ತಿತ್ತು. ಗಡ್ಡ ಬೋಳಿಸಿರುತ್ತಿದ್ದರು. ಪಕ್ಕದ ಮನೆಯವರು ಕೂರುವಷ್ಟೇ ಹೊತ್ತು ಕೂತು ಎದ್ದು ಬರುತ್ತಿದ್ದಳು.

ಏಳು ತಿಂಗಳು ಕಳೆದ ಮೇಲೆ ಒಂದು ಸಂಜೆ, ಪಿಂಚಣಿ ಅರ್ಜಿಯ ಪರಿಶೀಲನೆಗೆಂದು ನಾಡಕಚೇರಿಯವನೊಬ್ಬ ವಠಾರಕ್ಕೆ ಬಂದ.

"ನಲ್ಲಪ್ಪ ಇದಾರಾ?"

"ಇಲ್ಲ."

"ತೀರ್ಕೊಂಡ್ರಾ?"

ಆಶ್ರಮದಲ್ಲಿದ್ದಾರೆ ಎಂದರೆ ಆ ಮಾತು ಎಲ್ಲಿಂದ ಎಲ್ಲಿಗೆ ಹೋಗಿ ಮುಟ್ಟುತ್ತದೋ ಅವಳಿಗೆ ತಿಳಿಯದು. ಬಾಗಿಲು ಹಿಡಿದು ಸುಮ್ಮನೆ ನಿಂತಳು. ಅವನು ಏನೋ ಬರೆದುಕೊಂಡು ಹೋದ. ಏನು ಬರೆದೆ ಎಂದು ಅವಳು ಕೇಳಲಿಲ್ಲ.

ಮರುವರ್ಷ ಕಂಪನಿಗೆ ಹೊಸ ಏಜೆನ್ಸಿ ಬಂತು. ಅರವತ್ತು ದಾಟಿದವರು ಬೇಡ ಎಂದು ಅವಳನ್ನೂ ಬಿಡಿಸಿದರು. ಆ ಭಾನುವಾರ ಅವಳು ಆಶ್ರಮಕ್ಕೆ ಹೋದಾಗ ಅಲ್ಲಿನ ಆಯಾ ಚಿಕ್ಕಮುನಿಯಮ್ಮ ಭಾರಿ ದೇಹದ ಒಬ್ಬ ಮುದುಕನನ್ನು ಹೊರಳಿಸಲಾಗದೆ ಏದುತ್ತಿದ್ದಳು. ಶಿವಲಿಂಗಮ್ಮ ಹೋಗಿ, ಮೊಣಕಾಲನ್ನು ಮಂಚಕ್ಕೆ ಕೊಟ್ಟು, ಹೆಗಲಿಗೊಂದು ಸೊಂಟಕ್ಕೊಂದು ಕೈ ಹಾಕಿ, ಒಂದೇ ಸಲಕ್ಕೆ ಹೊರಳಿಸಿದಳು. ಬಾಗಿಲಲ್ಲಿ ನಿಂತಿದ್ದ ದ್ವಾರಕಾನಾಥ ನೋಡಿದರು.

"ಇಲ್ಲೇ ಕೆಲ್ಸಕ್ಕೆ ಬರ್ತೀರಾ ಅಮ್ಮ? ಊಟ, ಇರಕ್ಕೆ ಜಾಗ ಕೊಡ್ತೀವಿ. ಸಂಬಳ ಕಮ್ಮಿ."

"ಬತ್ತೀನಿ ಸಾಮಿ."

ಮನೆ ಖಾಲಿ ಮಾಡಿದಳು. ಮಂಚವನ್ನು ಆವಲಪ್ಪನವರಿಗೇ ಬಿಟ್ಟಳು. ಆಶ್ರಮದಲ್ಲಿ ಅವಳ ಪಾಲಿಗೆ ಹನ್ನೊಂದು ಜನ ಗಂಡಸರು ಬಂದರು, ಅವರಲ್ಲಿ ನಲ್ಲಪ್ಪನೂ ಒಬ್ಬ. ಎಲ್ಲರನ್ನೂ ಹೆಸರು ಹಿಡಿದು ಕರೆದು ಎಬ್ಬಿಸಬೇಕಿತ್ತು. ಮೊದಲ ದಿನ ಬೆಳಿಗ್ಗೆ ಹತ್ತು ಜನರನ್ನು ಎಬ್ಬಿಸಿ, ಕೊನೆಗೆ ಅವನ ಮಂಚದ ಹತ್ತಿರ ಬಂದಳು. ಹಿಂದೆ ಚಿಕ್ಕಮುನಿಯಮ್ಮ ನಿಂತಿದ್ದಳು.

"ನಲ್ಲಪ್ಪಣ್ಣ, ಏಳಿ" ಎಂದಳು.

ಅವನು ಕಣ್ಣು ಬಿಟ್ಟು ಅವಳನ್ನು ನೋಡಿದ. ಬಹಳ ಹೊತ್ತು ನೋಡಿದ. ಬಾಯಿ ಅಲುಗಿತು, "ಆಯ್ತು" ಎಂಬುದೂ ಬರಲಿಲ್ಲ. ಅವಳು ಬೇಸಿನ್ ಹತ್ತಿರಕ್ಕೆ ಎಳೆದುಕೊಂಡು ಮುಖ ಒರೆಸಿದಳು. ಮೂರು ನಾಲ್ಕು ದಿನದಲ್ಲಿ ಹೆಸರು ನಾಲಿಗೆಗೆ ಹತ್ತಿತು.

ಹಾಗೆ ಹದಿನಾಲ್ಕು ತಿಂಗಳು ನಡೆಯಿತು. ಅವನಿಗೆ ಹೆಚ್ಚು ಹೊತ್ತು ಕೊಡಲು ಆಗುತ್ತಿರಲಿಲ್ಲ. ಉಳಿದ ಹತ್ತು ಜನ ಕರೆಯುತ್ತಿದ್ದರು. ಅವನ ಉಗುರುಗಳನ್ನು ಮಾತ್ರ ಬೇರೆ ಯಾರಿಗೂ ಕತ್ತರಿಸಲು ಬಿಡುತ್ತಿರಲಿಲ್ಲ. 2015ರ ಬೇಸಗೆಯಲ್ಲಿ ಎದೆಗೆ ಕಫ ಕಟ್ಟಿ, ಮಧ್ಯಾಹ್ನ ಊಟದ ಗಂಟೆ ಹೊಡೆಯುವ ಹೊತ್ತಿಗೆ ನಲ್ಲಪ್ಪ ತೀರಿಕೊಂಡ. ಎಲ್ಲರಿಗೂ ಮಾಡುವ ಹಾಗೆ ಅವನಿಗೂ ಅವಳೇ ಸ್ನಾನ ಮಾಡಿಸಿದಳು. ದ್ವಾರಕಾನಾಥ ರಿಜಿಸ್ಟರ್ ತಂದರು. ಸಂಬಂಧಿಕರು ಎಂಬ ಕಡೆ 'ಇಲ್ಲ' ಎಂದು ಬರೆದು, ಸಾಕ್ಷಿ ಎಂಬ ಕಡೆ ಬೆರಳಿಟ್ಟು ತೋರಿಸಿದರು. ಅವಳು ಹೆಬ್ಬೆಟ್ಟು ಒತ್ತಿದಳು. ದೇಹ ಊರಾಚೆಯ ಸ್ಮಶಾನಕ್ಕೆ ಆಶ್ರಮದ ವ್ಯಾನಿನಲ್ಲಿ ಹೋಯಿತು. ಆಯಾಗಳು ಹೋಗುವ ಪದ್ಧತಿ ಇರಲಿಲ್ಲ.

ಸಂಜೆ ಒಗೆಯುವ ಕಲ್ಲಿನ ಹತ್ತಿರ ಚಿಕ್ಕಮುನಿಯಮ್ಮ ಅವಳ ಪಕ್ಕ ಬಂದು ಕೂತಳು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, "ಬಳೆ ಏನ್ ಮಾಡ್ತೀಯಕ್ಕಾ?" ಎಂದು ಮೆಲ್ಲಗೆ ಕೇಳಿದಳು.

ಶಿವಲಿಂಗಮ್ಮ ತಿರುಗಿ ನೋಡಿದಳು. "ನಿಂಗೆ ಯಾವಾಗ್ಲಿಂದ ಗೊತ್ತು?"

"ಬಂದ ದಿನದಿಂದ. ಸಾರ್‌ಗೂ ಗೊತ್ತು ಅಂತ ಕಾಣ್ತದೆ. ಯಾರೂ ಮಾತಾಡಿಲ್ಲ, ಅಷ್ಟೇಯ."

ಶಿವಲಿಂಗಮ್ಮ ಸೋಪಿನ ನೊರೆ ಹಚ್ಚಿ ಬಳೆಗಳನ್ನು ಒಂದೊಂದಾಗಿ ಜಾರಿಸಿ ತೆಗೆದು, ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಒಡೆಯಲಿಲ್ಲ. ಬಕೆಟ್ಟಿನಲ್ಲಿ ಇನ್ನೂ ಎಂಟು ಬೆಡ್‌ಶೀಟ್ ಇದ್ದವು. ಇಬ್ಬರೂ ಒಂದೊಂದು ತುದಿ ಹಿಡಿದು ಹಿಂಡಲು ಶುರುಮಾಡಿದರು.