ಷಡ್ಡಕನ ಪೆಟ್ಟಿಗೆ, ದರ್ಜಿಯ ಫೋನು

ದರ್ಜಿಯ ಹೊಟ್ಟೆಗೆ ಕಿಚ್ಚಿಟ್ಟದ್ದು ಅಂಗೈಯಲ್ಲಿ ಹಿಡಿಸುವ ಒಂದು ಕಪ್ಪು ಪೆಟ್ಟಿಗೆ. ಅವನ ಹೆಂಡತಿಯ ಅಕ್ಕನ ಗಂಡ, ಅಂದರೆ ಷಡ್ಡಕ, ಅದನ್ನು ಸೈಕಲ್ಲಿನ ಹ್ಯಾಂಡಲ್ ಮೇಲೆ ಕೂರಿಸಿಕೊಂಡು ಬಂದಿದ್ದ. ದಾರಿ ತೋರಿಸುವುದಕ್ಕೆಂದೇ ಮಾಡಿದ ಜಿಪಿಎಸ್ಸಂತೆ! ಭಾನುವಾರದ ಸೈಕಲ್ ಗುಂಪಿಗೆ ಅಲ್ಲಿಯವರೆಗೆ ದರ್ಜಿಯೇ ಮುಂದಾಳು. ಸೊಂಟಕ್ಕೆ ಹಾಕುವ ಎಲಾಸ್ಟಿಕ್ಕಿನಿಂದ ಫೋನನ್ನು ಹ್ಯಾಂಡಲ್ಲಿಗೆ ಬಿಗಿದುಕೊಂಡು ಅವನು ತಿರುಗಿದ ಕಡೆ ಎಲ್ಲರೂ ತಿರುಗುತ್ತಿದ್ದರು. ಈಗ ಅವನನ್ನು ಕ್ಯಾರೇ ಅನ್ನುವವರಿಲ್ಲ.

"ಫೋನ್ ಬ್ಯಾಟರಿ ಮಧ್ಯಾಹ್ನಕ್ಕೇ ಮಲಗುತ್ತೆ, ಬಿಸಿಲಲ್ಲಿ ಏನೂ ಕಾಣಲ್ಲ. ಇದು ಇಡೀ ದಿನ ಬರುತ್ತೆ, ನೆನೆದ್ರೂ ಏನಾಗಲ್ಲ. ನೀವೂ ಒಂದು ತಗೊಳ್ಳಿ," ಎಂದ ಷಡ್ಡಕ.

"ಫೋನಲ್ಲಾದ್ರೆ ಮಾತಾಡಬಹುದು. ನಿಮ್ಮ ಪೆಟ್ಟಿಗೆ ಮಾತಾಡುತ್ತಾ?" ಎಂದು ದರ್ಜಿ ಮೂಗು ಮುರಿದ.

ನಿಜ ಹೇಳಬೇಕೆಂದರೆ ಅವನಿಗೂ ಅದು ಬೇಕಿತ್ತು. ಅಂಗಡಿಗೆ ಹೋಗಿ ಮುಟ್ಟಿ ನೋಡಿಯೂ ಬಂದಿದ್ದ. ಕೊಂಡರೆ ಷಡ್ಡಕ ಗೆದ್ದಂತಲ್ಲವೇ? ಹಾಗಾಗಿ ಬಿಟ್ಟ.

ಮುಂದಿನ ಭಾನುವಾರ ಗುಂಪು ಕೆರೆಯ ಕಡೆ ಹೊರಟಿತು; ದರ್ಜಿಯ ಹೆಂಡತಿ, ಅವಳ ಅಕ್ಕ ಇಬ್ಬರೂ ಜೊತೆಗಿದ್ದರು. ಬ್ಯಾಟರಿ ವಿಷಯದಲ್ಲಿ ಷಡ್ಡಕನ ಬಾಯಿ ಮುಚ್ಚಿಸಬೇಕೆಂದು ದರ್ಜಿ ನಕ್ಷೆಯನ್ನು ಮೊದಲೇ ಇಳಿಸಿಕೊಂಡು, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿಬಿಟ್ಟ. ಕರೆ ಬರದಿದ್ದರೆ ಬ್ಯಾಟರಿಯೂ ಉಳಿಯುತ್ತದೆ. ದಾರಿ ಕವಲೊಡೆದಲ್ಲಿ ಷಡ್ಡಕನ ಪೆಟ್ಟಿಗೆ ಎಡಕ್ಕೆ ತೋರಿಸಿತು.

"ಬಲಕ್ಕೆ ಬನ್ನಿ, ಹತ್ತಿರ!" ಎಂದು ದರ್ಜಿ ಕೂಗಿದ. ಗುಂಪು ಎಡಕ್ಕೇ ಹೊರಳಿತು. ಹಾಳಾಗಿ ಹೋಗಲಿ ಎಂದುಕೊಂಡು, ಹಿಂದಕ್ಕೂ ನೋಡದೆ ಬಲಕ್ಕೆ ತುಳಿದ.

ಕೆರೆಯನ್ನು ಅವನೇ ಮೊದಲು ತಲುಪಿದ. ಬ್ಯಾಟರಿ ಅರ್ಧಕ್ಕಿಂತ ಹೆಚ್ಚೇ ಉಳಿದಿತ್ತು. ಏರಿಯ ಮೇಲೆ ಕಾಲು ಚಾಚಿ, ಷಡ್ಡಕ ಬಂದಾಗ ಏನು ಚುಚ್ಚಬೇಕೆಂದು ಮಾತು ಹೊಂದಿಸುತ್ತಾ ಕೂತ. ಗುಂಪು ಬಂತು. ಅದರಲ್ಲಿ ಷಡ್ಡಕನೂ ಇರಲಿಲ್ಲ, ಹೆಂಡತಿಯೂ ಇರಲಿಲ್ಲ.

"ಅತ್ತಿಗೆ, ಇವಳೆಲ್ಲಿ?"

"ನಿಮ್ಮ ಹಿಂದೇನೇ ಬಲಕ್ಕೆ ತಿರುಗಿದ್ಲಲ್ಲ! ದಾರಿ ತಪ್ಪಿ ಬಿದ್ದಿದ್ದಾಳಂತೆ. ನಿಮಗೆ ಫೋನ್ ಮಾಡಿ ಮಾಡಿ ಸಾಕಾಗಿ ಇವರಿಗೆ ಮಾಡಿದ್ಲು. ಕರ್ಕೊಂಡು ಬರೋಕೆ ಹೋಗಿದ್ದಾರೆ."

ದರ್ಜಿ ಗಡಬಡಿಸಿ ಏರೋಪ್ಲೇನ್ ಮೋಡ್ ತೆಗೆದ. ಅಷ್ಟರಲ್ಲಿ ಇಬ್ಬರೂ ಸೈಕಲ್ ತಳ್ಳಿಕೊಂಡು ಬಂದರು. ಹೆಂಡತಿ ಕುಂಟುತ್ತಿದ್ದಳು, ಮಂಡಿಗೆ ಷಡ್ಡಕನ ಕರವಸ್ತ್ರ ಕಟ್ಟಿತ್ತು.

"ಯಾರೂ ನಿಮ್ಮ ಹಿಂದೆ ಬರಲಿಲ್ಲ ಅಂತ ನಾನು ಬಂದೆ," ಎಂದಳು. "ಒಂದ್ಸಲನಾದ್ರೂ ತಿರುಗಿ ನೋಡಬಾರದಿತ್ತಾ?"

ಷಡ್ಡಕ ಅವಳಿಗೆ ನೀರು ಕೊಟ್ಟ. ಪೆಟ್ಟಿಗೆ ಕಂಡಾಗ ಉರಿದದ್ದು ಏನೇನೂ ಅಲ್ಲ. ದರ್ಜಿಗೆ ಹೊಟ್ಟೆ ಉರಿದದ್ದು ಆ ಕರವಸ್ತ್ರ ಕಂಡಾಗ.